ತಂಗಿಯ ಎದುರು ಕೊನೆಯ ಸುತ್ತು

ನನ್ನ ತಂಗಿ ರಾಷ್ಟ್ರೀಯ ಮಹಿಳಾ ಚೆಸ್ ಚಾಂಪಿಯನ್‌ಷಿಪ್‌ನಲ್ಲಿ ಎರಡು ಸಲ ಎರಡನೆಯ ಸ್ಥಾನಕ್ಕೆ ಬಂದವಳು. ಮೊದಲನೆಯ ಸಲ ಅವಳಿಗೆ ಕಿರೀಟ ತಪ್ಪಿಸಿದವಳು ನಾನು. ನಮ್ಮ ಕಡೆಯ ಜನ ಈ ವಿಷಯವನ್ನು ತಮಗೆ ತೋಚಿದ ಹಾಗೆ ಹೇಳಿಕೊಂಡು ಬಂದಿದ್ದಾರೆ. ನಾನು ಬರೆದಿಡದಿದ್ದರೆ ಅದೇ ನಿಜವಾಗಿ ಉಳಿಯುತ್ತದೆ ಎಂದು ಈಗ ಬರೆಯುತ್ತಿದ್ದೇನೆ.

ಅಪ್ಪ ಕಳಸದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಕೊಯ್ಲಿನ ತೂಕ, ಗೊಬ್ಬರದ ಲೆಕ್ಕ ಎಲ್ಲ ಅವರದೇ. ಅಮ್ಮ ಚಿಕ್ಕಮಗಳೂರು ಪೇಟೆಯವಳು. ಓದುವಾಗ ಹಾಸ್ಟೆಲಿನಲ್ಲಿ ಚೆಸ್ ಕಲಿತು ಅಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದಳಂತೆ. ಮದುವೆಯಾಗಿ ಎಸ್ಟೇಟಿನ ಕ್ವಾರ್ಟರ್ಸಿಗೆ ಬಂದ ಮೇಲೆ ಅವಳ ಜೊತೆ ಆಡುವವರೇ ಇರಲಿಲ್ಲ. ಅಪ್ಪನಿಗೆ ಕಲಿಸಲು ನೋಡಿದಳು. ಅಪ್ಪ ಕುದುರೆಯ ನಡೆಯವರೆಗೆ ಬಂದು, ಇದು ತನ್ನ ತಲೆಗೆ ಹತ್ತುವ ವಿದ್ಯೆಯಲ್ಲ ಎಂದು ಎದ್ದುಬಿಟ್ಟರು. ಆಡಲು ಜನ ಬೇಕೆಂದೇ ನಿಮ್ಮಮ್ಮ ನಿಮ್ಮಿಬ್ಬರನ್ನು ಹೆತ್ತಿದ್ದು ಎಂದು ಅವರು ನಮಗೆ ಹೇಳಿ ನಗುತ್ತಿದ್ದರು.

ನಾವು ಕಲಿತದ್ದು ಹೆಚ್ಚಾಗಿ ಕಾಫಿ ಒಣಗಿಸುವ ಕಣದಲ್ಲಿ. ಕೊಯ್ಲಿನ ಕಾಲದಲ್ಲಿ ರಜೆಯ ದಿನ ಕಣ ಕಾಯುವ ಕೆಲಸ ನಮಗೆ ಬೀಳುತ್ತಿತ್ತು. ದನ, ಕೋಳಿ ಬಂದರೆ ಓಡಿಸಬೇಕು, ಹೊತ್ತುಹೊತ್ತಿಗೆ ಹಣ್ಣನ್ನು ಕೈಯಾಡಿಸಬೇಕು. ಉಳಿದ ಹೊತ್ತು ಕಣದ ಅಂಚಿನ ನೆರಳಿನಲ್ಲಿ ಚೆಸ್ ಮನೆಗಳಿದ್ದ ಹಾಸು ಬಿಚ್ಚಿಟ್ಟುಕೊಂಡು ಆಡುತ್ತಿದ್ದೆವು. ನಾನು ಅವಳಿಗಿಂತ ನಾಲ್ಕು ವರ್ಷ ದೊಡ್ಡವಳು. ಮೊದಮೊದಲು ನಾನೇ ಗೆಲ್ಲುತ್ತಿದ್ದೆ. ಅವಳು ಹೈಸ್ಕೂಲಿಗೆ ಹೋಗುವ ಮೊದಲೇ ಅದು ತಿರುಗುಮುರುಗಾಯಿತು. ಅವಳು ಗೆಲ್ಲುವ ರೀತಿ ಹೇಗಿತ್ತೆಂದರೆ, ನಾನೆಲ್ಲಿ ತಪ್ಪಿದೆ ಎಂದು ಹುಡುಕಿದರೆ ಸಿಗುತ್ತಿರಲಿಲ್ಲ. ಯಾವುದೋ ಒಂದು ಕಾಲಾಳು ಒಂದು ಮನೆ ಮುಂದೆ ಬಂದಿರುತ್ತಿತ್ತು, ಅಷ್ಟೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನನ್ನ ಒಂಟೆಗೆ ಹೋಗಲು ಜಾಗವಿಲ್ಲ, ಆನೆಗೆ ಕೆಲಸವಿಲ್ಲ.

ಮುಂದೆ ಜಿಲ್ಲಾ ಪಂದ್ಯ, ರಾಜ್ಯದ ಪಂದ್ಯ ಎಂದು ಹೊರಗೆ ಹೋಗತೊಡಗಿದೆವು. ಅಮ್ಮನೇ ಜೊತೆಗೆ ಬರುತ್ತಿದ್ದಳು. ಬೆಳಗಿನ ಬಸ್ಸಿಗೆ ಕಳಸ ಬಿಟ್ಟು, ಕೊಟ್ಟಿಗೆಹಾರದಲ್ಲಿ ದೋಸೆ ತಿಂದು, ಮೂಡಿಗೆರೆ ದಾಟಿ ಚಿಕ್ಕಮಗಳೂರು ಸೇರುವ ಹೊತ್ತಿಗೆ ಒಂದನೆಯ ಸುತ್ತು ಶುರುವಾಗಿರುತ್ತಿತ್ತು. ಗಡಿಯಾರದಲ್ಲಿ ನಮ್ಮ ಸಮಯ ಆಗಲೇ ಓಡುತ್ತಿರುತ್ತಿತ್ತು. ತಂಗಿ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಮೊದಲ ನಡೆ ಇಡುತ್ತಿದ್ದಳು. ಆಮೇಲೆ ಫೋನಿನಲ್ಲಿ ಆಡುವ ಕಾಲ ಬಂತು. ಕ್ವಾರ್ಟರ್ಸಿನಲ್ಲಿ ಸಿಗ್ನಲ್ ಇರಲಿಲ್ಲ. ನೀರಿನ ಟ್ಯಾಂಕಿನ ಮೇಲ್ಗಡೆಯ ಗುಡ್ಡ ಹತ್ತಿದರೆ ಸಿಗುತ್ತಿತ್ತು. ಅಲ್ಲಿ ಬಂಡೆಯ ಮೇಲೆ ಕುಳಿತು ಅವಳು ಎಲ್ಲೆಲ್ಲಿಯವರ ಜೊತೆಗೋ ಆಡಿ ಬರುತ್ತಿದ್ದಳು. ಜಿಗಣೆ ಹತ್ತಿದ್ದು ಅವಳಿಗೆ ಮನೆಗೆ ಬಂದ ಮೇಲೆ ಗೊತ್ತಾಗುತ್ತಿತ್ತು.

ನಾನು ಬಿ.ಎಡ್. ಮುಗಿಸಿ ಗೋಣಿಬೀಡಿನ ಒಂದು ಶಾಲೆಗೆ ಗಣಿತದ ಟೀಚರಾಗಿ ಸೇರಿದ ವರ್ಷ ನಮ್ಮಿಬ್ಬರಿಗೂ ರಾಷ್ಟ್ರೀಯ ಪಂದ್ಯಕ್ಕೆ ಆಯ್ಕೆಯಾಯಿತು. ನನಗೆ ಅದು ಎರಡನೆಯ ಸಲ, ಅವಳಿಗೆ ನಾಲ್ಕನೆಯದು. ನಾನು ಚೆನ್ನಾಗಿಯೇ ಆಡುತ್ತಿದ್ದೆ, ಆದರೆ ಚಾಂಪಿಯನ್ ಆಗುವ ಆಟ ನನ್ನದಲ್ಲವೆಂದು ನನಗೆ ಗೊತ್ತಿತ್ತು. ಅವಳದು ಆಗುವ ಆಟ. ಅದು ಅವಳಿಗೂ ಗೊತ್ತಿತ್ತು, ಉಳಿದವರಿಗೂ ಗೊತ್ತಿತ್ತು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಗೆದ್ದಿದ್ದವರನ್ನು ಅವಳು ಬೇರೆ ಬೇರೆ ಪಂದ್ಯಗಳಲ್ಲಿ ಸೋಲಿಸಿದ್ದಳು.

ಪಂದ್ಯ ಉತ್ತರದ ಒಂದು ದೊಡ್ಡ ಊರಿನಲ್ಲಿತ್ತು. ಚಳಿ ಜೋರು. ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಪ್ರತಿದಿನ ಊಟವಾದ ಮೇಲೆ ಮರುದಿನ ತಂಗಿಯ ಎದುರಾಳಿ ಯಾರೆಂದು ನೋಡಿ, ಅವಳಿಗೆ ಬೇಕಾದ ತಯಾರಿಯನ್ನು ಇಬ್ಬರೂ ಕೂತು ಮಾಡುತ್ತಿದ್ದೆವು. ಅವಳು ಸುತ್ತಿನ ಮೇಲೆ ಸುತ್ತು ಗೆದ್ದಳು. ಕೊನೆಯ ಸುತ್ತಿಗೆ ಮೊದಲು ಅವಳೂ ಇನ್ನೊಬ್ಬಳೂ ಸಮ ಅಂಕದಲ್ಲಿ ಮುಂದಿದ್ದರು. ನಾನು ಅವರಿಗಿಂತ ಒಂದು ಅಂಕ ಹಿಂದಿದ್ದೆ. ಈ ಪಂದ್ಯಗಳಲ್ಲಿ ಅಂಕ ಹತ್ತಿರವಿರುವವರನ್ನು ಒಬ್ಬರ ಎದುರಿಗೆ ಒಬ್ಬರನ್ನು ಕೂರಿಸುತ್ತಾರೆ, ಒಮ್ಮೆ ಆಡಿದವರನ್ನು ಮತ್ತೆ ಆಡಿಸುವುದಿಲ್ಲ. ತಂಗಿ ಮುಂದಿದ್ದವರ ಜೊತೆಗೆಲ್ಲ ಆಗಲೇ ಆಡಿ ಮುಗಿಸಿದ್ದಳು. ಅವಳಿಗೆ ಉಳಿದವಳು ನಾನು.

ಗೋಡೆಗೆ ಅಂಟಿಸಿದ ಜೋಡಿಪಟ್ಟಿಯಲ್ಲಿ ನಮ್ಮಿಬ್ಬರ ಹೆಸರು ಎದುರುಬದುರಾಗಿ ಇರುವುದನ್ನು ನೋಡಿ ಕೋಣೆಗೆ ಬಂದೆವು. ಆ ಸಂಜೆ ತಯಾರಿಗೆ ಕೂರುವಂತಿರಲಿಲ್ಲ. ಏನು ಆಡುವುದೆಂದು ಅವಳು ನನ್ನ ಎದುರಿಗೆ ಯೋಚಿಸುವಂತಿಲ್ಲ, ನಾನೂ ಅವಳ ಎದುರಿಗೆ ಯೋಚಿಸುವಂತಿಲ್ಲ. ಟಿವಿ ಹಾಕಿಕೊಂಡು ಅರ್ಥವಾಗದ ಭಾಷೆಯ ಧಾರಾವಾಹಿ ನೋಡಿದೆವು.

ಬೆಳಿಗ್ಗೆ ನಮ್ಮ ರಾಜ್ಯದ ತಂಡದ ಜೊತೆ ಬಂದಿದ್ದ ಹಿರಿಯರೊಬ್ಬರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. ನಮ್ಮಿಬ್ಬರನ್ನೂ ಚಿಕ್ಕಂದಿನಿಂದ ನೋಡಿದವರು, ನಮಗಾಗಿ ಎಷ್ಟೋ ಓಡಾಡಿದವರು. ಇಲ್ಲಿಯವರೆಗೆ ನಮ್ಮ ಕಡೆಯ ಯಾವ ಹುಡುಗಿಗೂ ಇಂಥ ಅವಕಾಶ ಬಂದಿಲ್ಲ ಎಂದರು. ಆ ಇನ್ನೊಬ್ಬಳಿಗೆ ಕೊನೆಯ ಸುತ್ತಿನಲ್ಲಿ ಸುಲಭದ ಎದುರಾಳಿ, ಅವಳು ಗೆದ್ದೇ ಗೆಲ್ಲುತ್ತಾಳೆ, ಆದ್ದರಿಂದ ನಿನ್ನ ತಂಗಿಗೆ ಡ್ರಾ ಸಾಲದು, ಗೆಲ್ಲಲೇಬೇಕು, ಗೆದ್ದರೆ ಅಂಕ ಸಮವಾದರೂ ಮೇಲುಗೈ ನಿನ್ನ ತಂಗಿಯದೇ ಎಂದು ಲೆಕ್ಕ ಬಿಡಿಸಿ ಹೇಳಿದರು. ಕೊನೆಗೆ, "ನೀವು ಮನೆಯವರು. ನಾನು ನಿಂಗೆ ಎಂತದೂ ಹೇಳಲ್ಲಮ್ಮ" ಎಂದು ನನ್ನ ಭುಜ ತಟ್ಟಿ ಹೋದರು.

ತಿಂಡಿಗೆ ಕೂತಾಗ ತಂಗಿ ಆ ಮಾತನ್ನು ತಾನಾಗಿಯೇ ತೆಗೆದಳು. ನನ್ನನ್ನು ಯಾರಾದರೂ ಮಾತಾಡಿಸಿದರಾ ಎಂದು ಕೇಳಿದಳು. ಮಾತಾಡಿಸಿದರು ಎಂದೆ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದಳು.

"ಅಕ್ಕಾ, ನೀನು ಬಿಟ್ಟುಕೊಟ್ರೆ ನಂಗೆ ಗೊತ್ತಾಗತ್ತೆ. ಬೇರೆ ಯಾರಿಗೂ ಗೊತ್ತಾಗ್ದೆ ಇದ್ರೂ ನಂಗೆ ಗೊತ್ತಾಗತ್ತೆ."

"ಬಿಟ್ಟುಕೊಡಲ್ಲ," ಎಂದೆ.

"ಹಾಗಾದ್ರೆ ಸರಿ."

ಅವಳಿಗೆ ಬಿಳಿ ಕಾಯಿ ಬಂದಿತ್ತು. ನಾನು ಕಂಡೇ ಇರದ ಒಂದು ಆರಂಭವನ್ನು ಆಡಿದಳು. ಯಾವಾಗ ತಯಾರು ಮಾಡಿಕೊಂಡಿದ್ದಳೋ ಇವತ್ತಿಗೂ ಗೊತ್ತಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಸ್ಥಿತಿ ಕಣದ ಆಟಗಳಲ್ಲಿ ಆಗುತ್ತಿದ್ದ ಹಾಗೇ ಆಯಿತು. ಎಲ್ಲಿ ತಪ್ಪಿದೆನೋ ತಿಳಿಯದು, ಕಾಯಿಗಳಿಗೆ ಜಾಗವಿಲ್ಲ. ಒಂದು ಕಾಲಾಳು ಹೋಯಿತು. ನಾನು ಆದಷ್ಟು ಕಾಯಿಗಳನ್ನು ಬದಲಾಯಿಸಿಕೊಳ್ಳುತ್ತ ಹೋದೆ. ಕೊನೆಗೆ ಇಬ್ಬರಿಗೂ ಒಂದೊಂದು ಆನೆ, ನನಗೆ ಒಂದು ಕಾಲಾಳು, ಅವಳಿಗೆ ಎರಡು ಉಳಿಯಿತು.

ಅಲ್ಲಿ ಅವಳು ಅವಸರ ಮಾಡಿದಳು. ಪಕ್ಕದ ಬೋರ್ಡಿನಲ್ಲಿ ಆ ಇನ್ನೊಬ್ಬಳು ಗೆದ್ದು ಎದ್ದು ನಿಂತದ್ದು ಇಬ್ಬರಿಗೂ ಕಂಡಿತ್ತು. ತಂಗಿ ನನ್ನ ಕಾಲಾಳಿಗೆ ತನ್ನ ಒಂದು ಕಾಲಾಳನ್ನು ಬದಲಾಯಿಸಿಕೊಂಡಳು. ಈಗ ಆನೆ ಮತ್ತು ಒಂದೇ ಕಾಲಾಳು ಅವಳಿಗೆ, ಆನೆಯೊಂದೇ ನನಗೆ, ನನ್ನ ರಾಜ ಅವಳ ಕಾಲಾಳಿನ ದಾರಿಗೆ ಅಡ್ಡ ನಿಂತಿದ್ದ. ಇದು ಸರಿಯಾಗಿ ಕಾದರೆ ಡ್ರಾ. ಕಾಯುವ ಬಗೆಯನ್ನು ಅಮ್ಮ ನಮಗೆ ಕಣದಲ್ಲಿ ಕೂರಿಸಿ ಕಲಿಸಿದ್ದಳು. ಎದುರಾಳಿಯ ರಾಜ ಮುಂದೆ ಬರದಂತೆ ಆನೆಯನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ಸುಮ್ಮನೆ ಅತ್ತಿತ್ತ ಆಡಿಸುತ್ತಿರಬೇಕು. ಕಾಲಾಳು ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆಯನ್ನು ಬೋರ್ಡಿನ ಆ ಕೊನೆಗೆ ಒಯ್ದು ಹಿಂದಿನಿಂದ ಚೆಕ್ ಕೊಡುತ್ತ ಹೋಗಬೇಕು. ಅಷ್ಟೇ.

ಅವಳಿಗೂ ಅದು ಗೊತ್ತು. ಆದರೂ ಆಡುತ್ತ ಹೋದಳು, ಯಾಕೆಂದರೆ ನಾನು ದಣಿದಿದ್ದೆ, ನನ್ನ ಗಡಿಯಾರದಲ್ಲಿ ಸಮಯ ಕಡಿಮೆ ಇತ್ತು, ಒಂದು ತಪ್ಪು ನಡೆ ಸಾಕಿತ್ತು. ಅವಳು ಹಾಗೆ ಆಡಿದ್ದು ನ್ಯಾಯವೇ. ಸುತ್ತ ಜನ ಸೇರಿದ್ದರು. ಬೆಳಿಗ್ಗೆ ಭುಜ ತಟ್ಟಿದವರೂ ಅವರ ನಡುವೆ ನಿಂತಿದ್ದರು. ಕಾಲಾಳು ಮುಂದೆ ಬಂದಾಗ ನನ್ನ ಕೈ ಆನೆಯ ಮೇಲೆ ನಿಂತಿತು. ಅದನ್ನು ಒಂದು ಮನೆ ಈಚೆ ಇಟ್ಟಿದ್ದರೆ ಸಾಕಿತ್ತು, ಸುಸ್ತಾಗಿ ತಪ್ಪಿದಳು ಎಂದು ಎಲ್ಲರೂ ನಂಬುತ್ತಿದ್ದರು. ಆಗ ನನಗೆ ಅಪ್ಪ, ಅಮ್ಮ, ಊರು ಯಾವುದೂ ನೆನಪಿಗೆ ಬರಲಿಲ್ಲ. ಸರಿಯಾದ ಮನೆ ಎಲ್ಲಿದೆ ಎಂದು ಕಾಣುತ್ತಿತ್ತು, ಅಲ್ಲಿಗೆ ಇಟ್ಟೆ. ಚೆಕ್ ಕೊಟ್ಟೆ. ಮತ್ತೆ ಕೊಟ್ಟೆ. ನಿಜ ಹೇಳಬೇಕೆಂದರೆ, ಆ ಆಟದಲ್ಲಿ ನನಗೆ ಖುಷಿಯೂ ಇತ್ತು. ಅಷ್ಟು ಚೆನ್ನಾಗಿ ನಾನು ಅವಳ ಎದುರಿಗೆ ಯಾವತ್ತೂ ಕಾದಿರಲಿಲ್ಲ.

ತಂಗಿ ಕೈ ಮುಂದೆ ಚಾಚಿದಳು. ನಾನು ಕೈ ಕೊಟ್ಟೆ. ಇಬ್ಬರೂ ಅಂಕಪತ್ರಕ್ಕೆ ಸಹಿ ಹಾಕಿದೆವು. ಅವಳು ಅರ್ಧ ಅಂಕದಿಂದ ಎರಡನೆಯವಳಾದಳು.

ಬಹುಮಾನ ಕೊಡುವ ಮೊದಲು ಅವಳು ಪಂದ್ಯದ ಹಾಲಿನ ಹೊರಗೆ ಒಂದು ಬೆಂಚಿನ ಮೇಲೆ ಕೂತಿದ್ದಳು. ನಾನು ಹತ್ತಿರ ಹೋಗಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದೆ. ಅಷ್ಟರಲ್ಲಿ ಬೇರೆ ರಾಜ್ಯದ ಹಿರಿಯ ಆಟಗಾರ್ತಿಯೊಬ್ಬರು ಬಂದು ಅವಳ ಪಕ್ಕ ಕೂತರು. ನಾವು ಚಿಕ್ಕವರಿದ್ದಾಗಿನಿಂದ ಹೆಸರು ಕೇಳಿದವರು. ತಮ್ಮ ಕಾಲದ ಚಾಂಪಿಯನ್ನರನ್ನೆಲ್ಲ ಸೋಲಿಸಿದವರು, ಹೊರದೇಶದಿಂದ ಪದಕ ತಂದವರು, ತಾವು ಮಾತ್ರ ಒಮ್ಮೆಯೂ ರಾಷ್ಟ್ರೀಯ ಚಾಂಪಿಯನ್ ಆಗದವರು. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಚೀಲದಿಂದ ಸಣ್ಣ ಬೋರ್ಡು ತೆಗೆದು, ಕಾಲಾಳು ಬದಲಾಯಿಸಿಕೊಂಡ ಆ ಸ್ಥಿತಿಯನ್ನು ಜೋಡಿಸಿ, ಬದಲಾಯಿಸದೆ ರಾಜನನ್ನು ಮುಂದೆ ತಂದಿದ್ದರೆ ಹೇಗೆ ಗೆಲುವಿತ್ತು ಎಂದು ತೋರಿಸಿದರು. ತಂಗಿ ನೋಡಿದಳು, ಒಂದು ನಡೆಗೆ ತಕರಾರು ತೆಗೆದಳು, ಅವರು ಉತ್ತರ ಕೊಟ್ಟರು. ಹೀಗೇ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಅವರು ನಮ್ಮ ರೈಲು ಎಷ್ಟು ಹೊತ್ತಿಗೆ ಎಂದು ಕೇಳಿ, ಬೋರ್ಡು ಮಡಚಿಕೊಂಡು ಹೋದರು. ನನಗಿಂತ ಅವರು ಆಗ ಅವಳಿಗೆ ಹೆಚ್ಚು ಬೇಕಾಗಿದ್ದರು ಎಂದು ಅನ್ನಿಸಿತು.

ಮನೆಗೆ ಬರುವ ದಾರಿಯುದ್ದಕ್ಕೂ ನಾವು ಊಟ, ಸೀಟು, ಬ್ಯಾಗು ಬಿಟ್ಟು ಬೇರೆ ಮಾತಾಡಲಿಲ್ಲ. ಮನೆಯಲ್ಲಿ ಅಮ್ಮ ಚಹಾ ಕೊಟ್ಟು, ಹಾಸು ಬಿಚ್ಚಿ, ಆಟ ತೋರಿಸಿ ಎಂದಳು. ಇಬ್ಬರೂ ನಮ್ಮ ನಮ್ಮ ಕಡೆಯ ನಡೆಗಳನ್ನು ತೋರಿಸಿದೆವು. ಕಾಲಾಳು ಬದಲಾಯಿಸಿದ ಕಡೆಗೆ ಬಂದಾಗ ಅಮ್ಮ ತಂಗಿಯ ಮುಖ ನೋಡಿದಳು. ತಂಗಿ, ಗೊತ್ತಮ್ಮ, ಎಂದಳು. ಅಮ್ಮ ಮುಂದಿನ ನಡೆ ಕೇಳಿದಳು. ಅಕ್ಕ ತಂಗಿಗೆ ಬಿಟ್ಟುಕೊಡಬೇಕಿತ್ತು ಎನ್ನುವ ಮಾತು ಅವಳ ಬಾಯಲ್ಲಿ ಬರಲೇ ಇಲ್ಲ.

ಅಪ್ಪನಿಗೆ ಹಾಗಾಗಲಿಲ್ಲ. ಅವರಿಗೆ ಆಟ ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಎದುರಿಗಿದ್ದವಳು ಅಕ್ಕ, ಅಕ್ಕನಿಗೆ ಗೆದ್ದರೂ ಸೋತರೂ ದೊಡ್ಡದೇನೂ ಬರುವುದಿರಲಿಲ್ಲ, ತಂಗಿಗೆ ಎಲ್ಲ ಬರುವುದಿತ್ತು. ಎಸ್ಟೇಟಿನ ಓನರ್ ಅವರನ್ನು ಆಫೀಸಿಗೆ ಕರೆಸಿ, ಇದೇನ್ರೀ ನಿಮ್ಮ ದೊಡ್ಡ ಮಗಳು ಹೀಗೆ ಮಾಡಿದ್ಲಂತೆ ಎಂದು ಕೇಳಿದ್ದರಂತೆ. ಅದರಿಂದ ಅವರಿಗೆ ನೋವಾಗಿತ್ತು. ಒಂದು ದಿನ ಅಂಗಳದಲ್ಲಿ ಗಂಬೂಟು ತೊಳೆಯುತ್ತಿದ್ದವರು ತಲೆ ಎತ್ತದೆ ಕೇಳಿದರು.

"ಒಂದು ಸಲ ಸೋತಿದ್ರೆ ನಿಂಗೆ ಎಂತ ಹೋಗ್ತಿತ್ತು ಮಾರಾಯ್ತಿ?"

ಅವಳೇ ಬೇಡ ಎಂದಿದ್ದಳು ಎಂದೆ. ಅವಳು ಚಿಕ್ಕವಳು, ಹಾಗೇ ಹೇಳುತ್ತಾಳೆ, ತಿಳಿದುಕೊಳ್ಳಬೇಕಾದವಳು ನೀನು ಎಂದರು. ಆ ವರ್ಷವೆಲ್ಲ ಅವರು ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ನಾನು ಶನಿವಾರ ಗೋಣಿಬೀಡಿನಿಂದ ಮನೆಗೆ ಹೋದರೆ ಊಟ ಆಯ್ತಾ ಎಂದು ಕೇಳುತ್ತಿದ್ದರು, ಅಷ್ಟೇ. ಮರುವರ್ಷ ನನ್ನ ಮದುವೆಯ ಓಡಾಟದಲ್ಲಿ ಅದು ತಾನಾಗಿಯೇ ಕರಗಿತು. ಆದರೆ ಅವರ ಅಭಿಪ್ರಾಯ ಬದಲಾಗಲಿಲ್ಲ. ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲೂ ನನ್ನ ಗಂಡನ ಹತ್ತಿರ ಆ ವಿಷಯ ತೆಗೆದಿದ್ದರು.

ಮುಂದಿನ ಸಲ ಖಂಡಿತ ಎಂದು ಎಲ್ಲರೂ ಹೇಳಿದರು. ಮುಂದಿನ ಸಲ ಪಂದ್ಯದ ನಡುವೆ ಅವಳಿಗೆ ಜ್ವರ ಬಂತು. ಅದರ ಮುಂದಿನ ಸಲ ನಾಲ್ಕನೆಯ ಸ್ಥಾನ. ಚಿಕ್ಕಮಗಳೂರಿನ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ಮೇಲೆ ಇನ್ನೊಂದು ಸಲ ಎರಡನೆಯವಳಾದಳು. ಆಗ ಅವಳೂ ಗೆದ್ದವಳೂ ಅಂಕದಲ್ಲಿ ಸಮ. ಇಬ್ಬರೂ ಆಡಿದ ಎದುರಾಳಿಗಳ ಅಂಕಗಳನ್ನು ಕೂಡಿಸಿ ನೋಡಿದಾಗ ಇವಳದು ಸ್ವಲ್ಪ ಕಡಿಮೆ ಬಂತು. ಆ ಪಂದ್ಯದ ಮೊದಲ ಸುತ್ತುಗಳಲ್ಲಿ ಇವಳು ಸೋಲಿಸಿದ್ದ ಒಬ್ಬ ಹುಡುಗಿ ಹೊಟ್ಟೆನೋವೆಂದು ಕೊನೆಯ ಎರಡು ಸುತ್ತು ಆಡದೆ ಮನೆಗೆ ಹೋಗಿದ್ದಳು. ಅದರಿಂದ ಹಾಗಾಯಿತು. ಆ ಸಲ ತಡೆದವರು ಯಾರೂ ಇರಲಿಲ್ಲ. ಜನ ಮಾತ್ರ ಆ ಸೋಲನ್ನು ನೆನಪಿಟ್ಟುಕೊಳ್ಳಲಿಲ್ಲ, ನಾನು ತಪ್ಪಿಸಿದ್ದನ್ನೇ ಹೇಳುತ್ತಿದ್ದರು.

ಮೂರು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ತಾಲ್ಲೂಕು ಮಟ್ಟದ ಮಕ್ಕಳ ಚೆಸ್ ಪಂದ್ಯ ಇಟ್ಟುಕೊಂಡಿದ್ದೆವು. ಬಹುಮಾನ ಕೊಡಲು ತಂಗಿಯನ್ನು ಕರೆದೆ. ಸ್ವಾಗತ ಮಾಡಿದ ನಮ್ಮ ಮೇಷ್ಟ್ರು ಉತ್ಸಾಹದಲ್ಲಿ, ಎರಡು ಬಾರಿಯ ರಾಷ್ಟ್ರೀಯ ಚಾಂಪಿಯನ್ ನಮ್ಮ ಮಧ್ಯೆ ಇದ್ದಾರೆ ಎಂದುಬಿಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕೂತಲ್ಲೇ ಮುದುಡಿದೆ. ತಂಗಿ ಮೈಕಿನ ಹತ್ತಿರ ಬಂದು ಮೊದಲು ಅದನ್ನೇ ಸರಿಮಾಡಿದಳು.

"ನಾನು ಚಾಂಪಿಯನ್ ಆಗಿಲ್ಲ. ಎರಡು ಸಲ ಎರಡನೇ ಸ್ಥಾನ ಬಂದಿದೆ. ಚಾಂಪಿಯನ್ ಆಗೋದು ಬೇರೆ, ಅದು ನನಗೆ ಆಗ್ಲಿಲ್ಲ."

ಆಮೇಲೆ ಮಕ್ಕಳಿಗೆ, ಗೆದ್ದ ಆಟಕ್ಕಿಂತ ಸೋತ ಆಟವನ್ನು ಮನೆಗೆ ಹೋಗಿ ಇನ್ನೊಮ್ಮೆ ಆಡಿ ನೋಡಿ ಎಂದು ಹೇಳಿ, ಬಹುಮಾನ ಹಂಚಿದಳು. ಮೇಷ್ಟ್ರು ಬಂದು ಕ್ಷಮೆ ಕೇಳಿದರು. ಪರವಾಗಿಲ್ಲ ಸಾರ್, ಎಲ್ಲರೂ ಹಾಗೇ ಹೇಳುತ್ತಾರೆ ಎಂದಳು.

ಆ ಸಂಜೆ ಅವಳ ಕಾರಿನಲ್ಲಿ ಮೂಡಿಗೆರೆಯ ನಮ್ಮ ಮನೆಗೆ ಹೊರಟೆವು. ದಾರಿಯಲ್ಲಿ ಒಂದು ಅಂಗಡಿಯ ಹತ್ತಿರ ಚಹಾಕ್ಕೆ ನಿಂತೆವು. ಮೈಕಿನಲ್ಲಿ ಅವಳು ಹೇಳಿದ್ದು ನನ್ನ ತಲೆಯಲ್ಲಿ ಕೂತಿತ್ತು. ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳದ ಪ್ರಶ್ನೆಯನ್ನು ಆಗ ಕೇಳಿದೆ. ಆ ಡ್ರಾ ಆದ ಮೇಲೆ ನಿನಗೆ ನನ್ನ ಮೇಲೆ ಸಿಟ್ಟಿತ್ತಾ ಎಂದೆ.

ಅವಳು ಲೋಟ ತಿರುಗಿಸುತ್ತ ಕೂತಳು.

"ಇತ್ತು. ಎಷ್ಟೋ ವರ್ಷ ಇತ್ತು. ನಿನ್ನ ಮದುವೇಲಿ ಫೋಟೋಕ್ಕೆ ನಿಂತಾಗ್ಲೂ ಇತ್ತು."

"ನೀನೇ ಅಲ್ವಾ ಬಿಟ್ಟುಕೊಡಬೇಡ ಅಂದಿದ್ದು?"

"ಹೌದು, ಅಂದಿದ್ದೆ. ಅಂದಿದ್ದೂ ನಿಜ, ಸಿಟ್ಟು ಬಂದಿದ್ದೂ ನಿಜ. ನೀನು ಅಷ್ಟು ಚೆನ್ನಾಗಿ ಆಡ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ."

ಇಬ್ಬರಿಗೂ ನಗು ಬಂತು. ಆಮೇಲೆ ಅವಳೇ ಮುಂದುವರಿಸಿದಳು. ಎರಡನೆಯ ಸಲ ಅಂಕ ಸಮವಾಗಿಯೂ ತಪ್ಪಿಹೋದ ದಿನ ನನ್ನ ಮೇಲಿನ ಸಿಟ್ಟು ಹೋಯಿತಂತೆ. ಹೋಟೆಲಿನ ಕೋಣೆಯಲ್ಲಿ ಒಬ್ಬಳೇ ಕೂತು ಯಾರ ಮೇಲೆ ಸಿಟ್ಟು ಮಾಡುವುದೆಂದು ಹುಡುಕಿದಳಂತೆ. ಹೊಟ್ಟೆನೋವು ಬಂದ ಆ ಹುಡುಗಿ ಬಿಟ್ಟರೆ ಯಾರೂ ಸಿಗಲಿಲ್ಲ, ಆ ಹುಡುಗಿಯ ಮುಖವೂ ಸರಿಯಾಗಿ ನೆನಪಿಲ್ಲ. ಆಗ, ಅಕ್ಕನ ಜೊತೆಗಿನ ಆಟದಲ್ಲಿ ತಪ್ಪಿದ್ದು ತಾನು, ಇಲ್ಲಿ ತಾನು ತಪ್ಪಲೂ ಇಲ್ಲ, ಎರಡರ ಫಲವೂ ಒಂದೇ ಆಯಿತಲ್ಲ ಎನ್ನಿಸಿತಂತೆ. ಅದನ್ನು ಅವಳು ದೊಡ್ಡ ವಿಷಯವೆಂಬಂತೆ ಹೇಳಲಿಲ್ಲ. ಚಹಾ ಆರಿಹೋಗಿದೆ ಎಂದು ಇನ್ನೊಂದು ಹೇಳಿದಳು.

ನಾನು ಪಂದ್ಯಗಳಿಗೆ ಹೋಗುವುದನ್ನು ಯಾವಾಗಲೋ ಬಿಟ್ಟೆ. ಅವಳು ಬಿಟ್ಟಿಲ್ಲ. ಬ್ಯಾಂಕಿನಲ್ಲಿ ರಜೆ ಸಿಕ್ಕಿದರೆ, ಮಗನನ್ನು ಅತ್ತೆಯವರು ನೋಡಿಕೊಳ್ಳುವುದಾದರೆ ಹೊರಡುತ್ತಾಳೆ. ಈಗ ಗೆಲ್ಲುವವರೆಲ್ಲ ಅವಳ ಅರ್ಧ ವಯಸ್ಸಿನವರು. ಕಂಪ್ಯೂಟರಿನ ಜೊತೆ ಬೆಳೆದವರು, ತರಬೇತಿಗೆ ಜನ ಇಟ್ಟುಕೊಂಡವರು. ಕಳೆದ ಸಲ ಮೂರನೆಯ ಸುತ್ತಿನಲ್ಲಿ ಹಾಲಿ ಚಾಂಪಿಯನ್ ಹುಡುಗಿಯನ್ನು ಸೋಲಿಸಿ ಅಲ್ಲಿಂದಲೇ ನನಗೆ ಫೋನ್ ಮಾಡಿದ್ದಳು. ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವಳು ನಡೆಗಳನ್ನು ಹೇಳುತ್ತ ಹೋದ ಹಾಗೆ ನಾನು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ. ಆಮೇಲಿನ ಎರಡು ಆಟ ಸೋತಳು. ಕೊನೆಗೆ ಹನ್ನೊಂದನೆಯ ಸ್ಥಾನ ಬಂತು.

ಈ ವರ್ಷದ ರಾಜ್ಯ ಆಯ್ಕೆ ಪಂದ್ಯ ಬೆಂಗಳೂರಿನಲ್ಲಿ. ಮೊನ್ನೆ ಶುಕ್ರವಾರ ಅವಳು ಮೂಡಿಗೆರೆಯಲ್ಲಿ ನಮ್ಮ ಮನೆಗೆ ಬಂದು ಉಳಿದು, ಬೆಳಿಗ್ಗೆ ಇಲ್ಲಿಂದಲೇ ಬಸ್ಸು ಹತ್ತಿದಳು. ಕಾರು ನಮ್ಮ ಅಂಗಳದಲ್ಲೇ ಬಿಟ್ಟು ಹೋಗಿದ್ದಾಳೆ. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಕಳಿಸಿ ಬಂದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು, ಸ್ವೆಟರ್ ಇಟ್ಟುಕೊಂಡಿದ್ದೀಯಾ ಎಂದು ಕೇಳಿದೆ, ಇದೆ ಎಂದಳು. ಬಸ್ಸು ಹೊರಟ ಮೇಲೆ ನಾನು ಗೋಣಿಬೀಡಿನ ಬಸ್ಸು ಹಿಡಿದೆ. ಆ ದಿನ ಒಂಬತ್ತನೆಯ ತರಗತಿಗೆ ಕಿರುಪರೀಕ್ಷೆ ಇತ್ತು.